ರಹದಾರಿಯ ಮೊದಲ ಪ್ರಶ್ನೆ

ವಿದೇಶ ಪ್ರವಾಸವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ವಿಮಾನ ಹತ್ತಿದ ಕ್ಷಣದಿಂದ ಕಥೆಯನ್ನು ತೊಡಗುತ್ತಾರೆ. ಎ.ಎನ್. ಮೂರ್ತಿರಾಯರು ತಮ್ಮ ಪ್ರವಾಸ ಗ್ರಂಥವೊಂದನ್ನು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಕರೆದರು. ಅಂಥ ಅಪರವಯಸ್ಕರು ಇಂದು ನಮ್ಮ ನಾಡಿನ ಪ್ರತಿಯೊಂದು ಪಟ್ಟಣದಲ್ಲಿಯೂ ಇದ್ದಾರೆ; ಅವರಲ್ಲಿ ನಾನೂ ಒಬ್ಬ. ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರುತ್ತಾರೆ. ‘ಒಮ್ಮೆ ಬಂದು ಹೋಗಿ’ ಎಂದು ಕರೆಯುತ್ತಾರೆ. ನಮ್ಮ ಯಾತ್ರೆ ತೊಡಗುವುದು ವಿಮಾನ ನಿಲ್ದಾಣದಲ್ಲಿ ಅಲ್ಲ. ಅಟ್ಟದ ಮೇಲಿರುವ ಕಬ್ಬಿಣದ ಪೆಟ್ಟಿಗೆಯನ್ನು ಕೆಳಗಿಳಿಸಿ, ಧೂಳು ಕೊಡವಿ, ಹಳೆಯ ಕಾಗದಗಳನ್ನು ಹುಡುಕುವಲ್ಲಿ. ಆ ಹುಡುಕಾಟದ ಹಿಂದಿರುವ ಪಾಸ್‌ಪೋರ್ಟ್ ಎಂಬ ಪುಟ್ಟ ಪುಸ್ತಕವನ್ನು ಕುರಿತು, ಅದು ನಮ್ಮನ್ನು ಕೇಳುವ ಮೊದಲ ಪ್ರಶ್ನೆಯನ್ನು ಕುರಿತು, ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಪಾಸ್‌ಪೋರ್ಟಿಗೆ ಕನ್ನಡದಲ್ಲಿ ‘ರಹದಾರಿ’ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಈ ಶಬ್ದದಲ್ಲಿ ಒಂದು ಸ್ವಾರಸ್ಯವಿದೆ. ಕೇಳಿದೊಡನೆ ಇದರಲ್ಲಿ ನಮ್ಮ ಕನ್ನಡದ ‘ದಾರಿ’ ಇದೆಯೆಂದು ತೋರುತ್ತದೆ. ಆದರೆ ಇದು ಪಾರಸಿ ಮೂಲದ ಮಾತು. ಅಲ್ಲಿ ‘ರಾಹ್’ ಎಂದರೇ ದಾರಿ. ಉಳಿದ ‘ದಾರಿ’ ಎಂಬುದು ಜಮೀನ್ದಾರಿ, ಜವಾಬ್ದಾರಿ ಮುಂತಾದ ಮಾತುಗಳ ಕೊನೆಯಲ್ಲಿ ಬರುವ ಪ್ರತ್ಯಯ. ಇರಿಸಿಕೊಳ್ಳುವುದು, ಕಾಯುವುದು ಎಂಬ ಅರ್ಥದ್ದು. ದಾರಿಯನ್ನು ಕಾಯುವವರ ಅಪ್ಪಣೆಯೇ ರಹದಾರಿ. ದಾರಿ ನಮ್ಮದು, ಕಾವಲು ಅರಸನದು ಎಂಬ ಹಳೆಯ ವ್ಯವಸ್ಥೆ ಈ ಒಂದು ಪದದಲ್ಲಿ ಅಡಗಿದೆ.

ವ್ಯವಸ್ಥೆ ಹಳೆಯದೆಂದೆ. ಎಷ್ಟು ಹಳೆಯದೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವೇ ಸಾಕ್ಷಿ. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪ ಬರುತ್ತದೆ. ಒಂದು ಮಾಷಕವನ್ನು ಪಡೆದು ಮುದ್ರೆಯೊತ್ತಿದ ಅನುಮತಿಪತ್ರವನ್ನು ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನು ಮಾತ್ರ ಜನಪದವನ್ನು ಪ್ರವೇಶಿಸಬಹುದು, ಜನಪದದಿಂದ ಹೊರಗೆ ಹೋಗಬಹುದು. ಮುದ್ರೆಯಿಲ್ಲದೆ ಸಿಕ್ಕಿಬಿದ್ದ ನಾಡಿಗನಿಗೆ ಹನ್ನೆರಡು ಪಣಗಳ ದಂಡ; ಕಳ್ಳಮುದ್ರೆಯನ್ನು ತೋರಿಸಿದವನಿಗೆ ಇನ್ನೂ ಹೆಚ್ಚು. ಇಂದಿನ ಕಾಯಿದೆಯ ರೂಪರೇಖೆಯೆಲ್ಲ ಅಲ್ಲಿಯೇ ಇದೆ. ಈ ಗ್ರಂಥವನ್ನು 1909ರಲ್ಲಿ ಮೊದಲು ಅಚ್ಚಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಅವರ ಹೆಸರಿನ ಹಿಂದಿರುವ ಆ ‘ಆರ್’ ಎಂಬ ಅಕ್ಷರವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಬಳಿಗೆ ಮತ್ತೆ ಬರುತ್ತೇನೆ.

ಈಗಿನ ಮಾದರಿಯ ಪಾಸ್‌ಪೋರ್ಟಿನ ಇತಿಹಾಸ ಅಷ್ಟು ದೀರ್ಘವಾದುದಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವ ಪದ್ಧತಿಯೇ ಇರಲಿಲ್ಲ. ಯುದ್ಧಕಾಲದ ಭಾರತ ರಕ್ಷಣಾ ಶಾಸನ ಅದನ್ನು ಕಡ್ಡಾಯ ಮಾಡಿತು. ಯುದ್ಧ ಮುಗಿದರೂ ನಿರ್ಬಂಧ ಮುಗಿಯಲಿಲ್ಲ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನವೊಂದು ಎಲ್ಲ ದೇಶಗಳಿಗೂ ಒಪ್ಪುವ ಪುಸ್ತಕದ ಆಕಾರವನ್ನು ಸೂಚಿಸಿತು. ತಾತ್ಕಾಲಿಕವೆಂದು ಬಂದದ್ದು ಶಾಶ್ವತವಾಗಿ ನಿಂತಿತು.

ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತು ವರ್ಷಗಳ ಕಾಲ ಪಾಸ್‌ಪೋರ್ಟನ್ನು ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಬಿಟ್ಟದ್ದಾಗಿತ್ತು. ಕೊಡದಿದ್ದರೆ ಕೇಳುವುದಕ್ಕೆ ಒಂದು ಕಾನೂನೂ ಇರಲಿಲ್ಲ. 1967ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೈಕಿ ಮೂವರು, ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದ ಹೇಳುವ ವೈಯಕ್ತಿಕ ಸ್ವಾತಂತ್ರ್ಯದ ಒಂದು ಭಾಗವೆಂದು ತೀರ್ಪಿತ್ತರು. ಅದೇ ವರ್ಷ ಜೂನ್ ತಿಂಗಳಲ್ಲಿ ಪಾಸ್‌ಪೋರ್ಟ್ ಶಾಸನ ಬಂದಿತು. ಮುಂದೆ 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ಹಿಂದಕ್ಕೆ ಪಡೆದಾಗ, 1978ರ ಜನವರಿಯಲ್ಲಿ ಅದೇ ನ್ಯಾಯಾಲಯ, ಒಬ್ಬರ ಸ್ವಾತಂತ್ರ್ಯವನ್ನು ಮೊಟಕು ಮಾಡುವ ವಿಧಾನವು ನ್ಯಾಯಸಮ್ಮತವಾಗಿ ಇರಲೇಬೇಕೆಂದು ಸಾರಿತು. ನಮ್ಮ ಮೂಲಭೂತ ಹಕ್ಕುಗಳ ಚರಿತ್ರೆಯ ದೊಡ್ಡ ತಿರುವೊಂದು ಈ ಸಣ್ಣ ಪುಸ್ತಕದ ನೆಪದಲ್ಲಿ ಬಂದಿತು. ಆದರೂ ಒಂದು ಮಾತನ್ನು ಮರೆಯಬಾರದು. ಹೋಗುವ ಹಕ್ಕು ನಮ್ಮದು, ಪುಸ್ತಕ ನಮ್ಮದಲ್ಲ. ಪಾಸ್‌ಪೋರ್ಟ್ ಯಾವ ಕಾಲಕ್ಕೂ ಕೇಂದ್ರ ಸರ್ಕಾರದ ಸ್ವತ್ತೆಂದು ಶಾಸನದ 17ನೆಯ ಕಲಮು ಹೇಳುತ್ತದೆ.

ಇನ್ನು ಅರ್ಜಿಯ ಮಾತು. ಹಿಂದೆ ಪಾಸ್‌ಪೋರ್ಟ್ ಮಾಡಿಸುವುದೆಂದರೆ ಬೆಂಗಳೂರಿಗೆ ಹೋಗಿ, ಬೆಳಗಿನ ಜಾವದಲ್ಲಿ ಸಾಲು ನಿಂತು, ಗೆಜೆಟೆಡ್ ಅಧಿಕಾರಿಗಳ ರುಜುವಿಗೆ ಅಲೆಯಬೇಕಾದ ಕೆಲಸವಾಗಿತ್ತು. ಆ ಕಷ್ಟ ಈಗ ಬಹುಮಟ್ಟಿಗೆ ನೀಗಿದೆ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ಮೊದಲಾದಾಗ ಅದಕ್ಕೆ ಆರಿಸಿದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿಯೇ ಅರ್ಜಿ ಸ್ವೀಕರಿಸುವ ಏರ್ಪಾಡು ದೇಶದಲ್ಲಿ ಮೊದಲು ಬಂದದ್ದು ಎರಡು ಊರುಗಳಲ್ಲಿ: ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು. ಅರ್ಜಿಯನ್ನು ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿಯೇ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು, ಮೂಲ ದಾಖಲೆಗಳೊಡನೆ ಹೋದರಾಯಿತು. ನಾವು ಅರ್ಜಿ ಹಾಕಿದಾಗ 36 ಪುಟದ ಪುಸ್ತಕಕ್ಕೆ 1500 ರೂಪಾಯಿ ಶುಲ್ಕವಿದ್ದಿತು. ಅರವತ್ತು ದಾಟಿದವರಿಗೆ ಶೇಕಡ 10ರಷ್ಟು ರಿಯಾಯಿತಿ. ವಯಸ್ಸಾದುದಕ್ಕೆ ಸರ್ಕಾರ ಕೊಟ್ಟ ಆ ನೂರೈವತ್ತು ರೂಪಾಯಿಯನ್ನು ನಾನು ಕೃತಜ್ಞತೆಯಿಂದಲೇ ಸ್ವೀಕರಿಸಿದೆ.

ಪ್ರಮಾಣಪತ್ರಗಳ ಹೊರೆಯೂ ತಗ್ಗಿದೆ. 2016ರ ಡಿಸೆಂಬರಿನಲ್ಲಿ ನಿಯಮಗಳನ್ನು ಸಡಿಲಿಸಿದರು. ತಂದೆ ತಾಯಿಗಳಿಬ್ಬರ ಹೆಸರೂ ಬೇಕೆಂಬ ಕಟ್ಟು ಹೋಗಿ ಒಬ್ಬರದಿದ್ದರೂ ಸಾಕೆಂದಾಯಿತು. ಮದುವೆಯ ಪ್ರಮಾಣಪತ್ರ ಬೇಡವೆಂದಾಯಿತು. ಸನ್ಯಾಸಿಗಳು ತಂದೆ ತಾಯಿಗಳ ಬದಲು ಗುರುವಿನ ಹೆಸರನ್ನು ಬರೆಯಬಹುದೆಂದಾಯಿತು. ಜನ್ಮ ದಿನಾಂಕಕ್ಕೆ ಶಾಲೆಯ ಪತ್ರ, ಚುನಾವಣಾ ಗುರುತಿನ ಚೀಟಿ, ಸರ್ಕಾರಿ ನೌಕರರಾಗಿದ್ದವರ ಪಿಂಚಣಿ ಆದೇಶ ಮುಂತಾದವುಗಳಲ್ಲಿ ಯಾವುದಾದರೊಂದು ಆದೀತು. ನಮ್ಮ ತಲೆಮಾರಿಗೆ ಇದು ದೊಡ್ಡ ಉಪಕಾರ. ಏಕೆಂದರೆ ನಮ್ಮಲ್ಲಿ ಅನೇಕರ ಜನ್ಮ ದಿನಾಂಕವನ್ನು ನಿಶ್ಚಯಿಸಿದವರು ತಾಯಿಯಲ್ಲ, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು. ನಾನು ಹುಟ್ಟಿದ್ದು ನವರಾತ್ರಿಯ ಮೂರನೆಯ ದಿನವೆಂದು ನನ್ನ ತಾಯಿ ಹೇಳುತ್ತಿದ್ದರು. ದಾಖಲೆಗಳ ಪ್ರಕಾರ ನಾನು ಕಡು ಬೇಸಿಗೆಯಲ್ಲಿ ಹುಟ್ಟಿದ್ದೇನೆ. ಶಾಲೆಗೆ ಸೇರಿಸಲು ಬೇಕಾದ ವಯಸ್ಸಿನ ಲೆಕ್ಕಕ್ಕೆ ಮೇಷ್ಟರು ನನ್ನನ್ನು ಕೆಲವು ತಿಂಗಳು ಮುಂಚಿತವಾಗಿ ಹುಟ್ಟಿಸಿದ್ದರು. ಆ ದಿನಾಂಕದ ಮೇಲೆಯೇ ನೌಕರಿ ಸಿಕ್ಕಿತು, ಅದರ ಮೇಲೆಯೇ ನಿವೃತ್ತನಾದೆ, ಈಗ ಪಾಸ್‌ಪೋರ್ಟಿನಲ್ಲಿಯೂ ಅದೇ ಕುಳಿತಿದೆ.

ಹುಟ್ಟಿದ ದಿನವನ್ನು ಹೀಗೆ ಒಪ್ಪಿಕೊಳ್ಳುವುದು ಸುಲಭ. ಕಷ್ಟವಾದುದು ಹೆಸರು. ಅರ್ಜಿ ಮೊದಲು ಕೇಳುವುದೇ ಅದನ್ನು. ಅಲ್ಲಿ ಎರಡು ಮನೆಗಳಿವೆ: ಒಂದು ಇಟ್ಟ ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಎರಡರಲ್ಲಿಯೂ ಇನಿಷಿಯಲ್ ಬರೆಯಕೂಡದು. ಎಲ್ಲವನ್ನೂ ಬಿಡಿಸಿ ಬರೆಯಬೇಕು. ಈ ಎರಡು ಮನೆಗಳನ್ನು ರಚಿಸಿದವರು ಹಳೆಯ ಮೈಸೂರು ಸೀಮೆಯವರನ್ನು ಕಂಡಿರಲಿಲ್ಲವೆಂದು ತೋರುತ್ತದೆ.

ಉತ್ತರ ಕರ್ನಾಟಕದವರಿಗೆ ತೊಂದರೆಯಿಲ್ಲ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರು ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಅರ್ಜಿಗೆಂದೇ ಹೊಲಿದಂತೆ ಕೂರುತ್ತದೆ. ಆದರೆ ಡಿ.ವಿ. ಗುಂಡಪ್ಪನವರನ್ನು ನೋಡಿ. ದೇವನಹಳ್ಳಿ ಊರು, ವೆಂಕಟರಮಣಯ್ಯ ತಂದೆ, ಗುಂಡಪ್ಪ ಅವರ ಸ್ವಂತ ಹೆಸರು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ, ಎಲ್ಲವೂ ಹೀಗೆಯೇ. ಶಾಮಶಾಸ್ತ್ರಿಗಳ ‘ಆರ್’ ಕೂಡ ರುದ್ರಪಟ್ಟಣವೆಂಬ ಊರು. ಇಲ್ಲಿ ಮನೆತನದ ಹೆಸರು ಯಾವುದು? ಊರನ್ನು ಬರೆಯೋಣವೆಂದರೆ ಊರು ಮನೆತನವಲ್ಲ. ತಂದೆಯ ಹೆಸರನ್ನು ಬರೆದರೆ ಮುಂದಿನ ತಲೆಮಾರಿಗೆ ಅದು ಬದಲಾಗುತ್ತದೆ. ಕೊನೆಯಲ್ಲಿರುವುದೇ ಮನೆತನದ ಹೆಸರೆಂದು ತಿಳಿದು ಸ್ವಂತ ಹೆಸರನ್ನು ಅಲ್ಲಿ ಬರೆದರೆ, ಇಟ್ಟ ಹೆಸರಿನ ಮನೆಯಲ್ಲಿ ಊರು ಬಂದು ಕೂರುತ್ತದೆ. ವಿದೇಶದಲ್ಲಿ ಜನ ನಮ್ಮನ್ನು ‘ದೇವನಹಳ್ಳಿ’ ಎಂದು ಅಕ್ಕರೆಯಿಂದ ಕರೆಯತೊಡಗುತ್ತಾರೆ. ನನ್ನ ಮಗಳು ಮನೆತನದ ಹೆಸರಿನ ಮನೆಯಲ್ಲಿ ನನ್ನ ಹೆಸರನ್ನು ಬರೆದಳು. ಅವಳ ಕಚೇರಿಯಲ್ಲಿ ಎಲ್ಲರೂ ಅವಳನ್ನು ನನ್ನ ಹೆಸರಿನಿಂದಲೇ ಸಂಬೋಧಿಸುತ್ತಾರಂತೆ. ನಾನು ಆ ದೇಶವನ್ನು ನೋಡುವ ಮೊದಲೇ ಅಲ್ಲಿ ಪ್ರಸಿದ್ಧನಾಗಿದ್ದೆ.

ಮನೆತನದ ಹೆಸರಿನ ಮನೆಯನ್ನು ಖಾಲಿ ಬಿಡಲು ನಮ್ಮ ನಿಯಮಗಳಲ್ಲಿ ಅವಕಾಶವಿದೆ. ಆದರೆ ಅದರ ಫಲ ಬೇರೆ ದೇಶದ ಬಾಗಿಲಲ್ಲಿ ತಿಳಿಯುತ್ತದೆ. ಹೆಸರೆಲ್ಲವೂ ಮನೆತನದ ಭಾಗದಲ್ಲಿಯೇ ಸೇರಿ ಇಟ್ಟ ಹೆಸರಿನ ಮನೆ ಖಾಲಿಯಿದ್ದರೆ, ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ಎಫ್.ಎನ್.ಯು. ಎಂಬ ಮೂರು ಅಕ್ಷರ ಹಾಕುತ್ತಾರೆ. ‘ಮೊದಲ ಹೆಸರು ತಿಳಿಯದು’ ಎಂಬುದರ ಸಂಕ್ಷೇಪ ಅದು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಪ್ರವಾಸಿಗರನ್ನು ಬಿಡುವುದಿಲ್ಲವೆಂದು ತಿಳಿಸಿದವು. ಆಮೇಲೆ, ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತೆಂದು ಸಡಿಲಿಸಿದವು.

ಈ ಬಿಗುವಿಗೆಲ್ಲ ಕಾರಣ ಯಂತ್ರ. ಪಾಸ್‌ಪೋರ್ಟಿನ ಭಾವಚಿತ್ರದ ಪುಟದ ಕೆಳಗೆ ಎರಡು ಸಾಲುಗಳಿರುವುದನ್ನು ನೀವು ಕಂಡಿರಬಹುದು. ಒಂದೊಂದು ಸಾಲಿನಲ್ಲಿ 44 ಸ್ಥಾನಗಳು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದ ಅಳತೆ ಅದು. ಯಂತ್ರ ಓದುವುದು ಆ ಸಾಲುಗಳನ್ನು. ಮೊದಲ ಸಾಲಿನಲ್ಲಿ ಹೆಸರಿಗೆಂದು ಬಿಟ್ಟಿರುವುದು 39 ಸ್ಥಾನ. ಅದನ್ನು ಮೀರಿದ್ದು ಕತ್ತರಿಸಿ ಹೋಗುತ್ತದೆ. ಕೈಬರಹದ ಪಾಸ್‌ಪೋರ್ಟುಗಳ ಕಾಲ 2015ರ ನವೆಂಬರ್ 24ಕ್ಕೆ ಮುಗಿಯಿತು. ರೋಮನ್ ಲಿಪಿಯ ಇಪ್ಪತ್ತಾರು ಅಕ್ಷರಗಳ ಹೊರತು ಆ ಸಾಲಿಗೆ ಬೇರೆ ಅಕ್ಷರ ಗೊತ್ತಿಲ್ಲ. ಲ, ಳ ಎರಡೂ ಅಲ್ಲಿ ಒಂದೇ. ನ, ಣ ಎರಡೂ ಒಂದೇ. ವ್ಯಾಕರಣದ ಮೇಷ್ಟರಾಗಿ ನಲವತ್ತು ವರ್ಷ ವಿದ್ಯಾರ್ಥಿಗಳ ಈ ತಪ್ಪುಗಳನ್ನೇ ತಿದ್ದಿದ ನಾನು ಅಲ್ಲಿ ಸುಮ್ಮನಿರಬೇಕಾಯಿತು. ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುವ ‘ಗೀತಾ’ ರೋಮನ್ ಲಿಪಿಯಲ್ಲಿ ನಾಲ್ಕು ಬಗೆಯಾಗುತ್ತದೆ. ಒಂದು ಪತ್ರದಲ್ಲಿ ‘ಎಚ್’ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಯಂತ್ರದ ದೃಷ್ಟಿಯಲ್ಲಿ ಅವರು ಇಬ್ಬರು ವ್ಯಕ್ತಿಗಳು.

ಇದನ್ನೆಲ್ಲ ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ಅಜಾಗರೂಕತೆಯಿಂದ. ಮಗಳ ಹೆರಿಗೆಯ ಹೊತ್ತಿಗೆ ನಾವಿಬ್ಬರೂ ಅಲ್ಲಿಗೆ ಬರಬೇಕೆಂದು ಅವಳ ಆಸೆ. ನನ್ನ ಅರ್ಜಿಯನ್ನೂ ನನ್ನ ಹೆಂಡತಿಯ ಅರ್ಜಿಯನ್ನೂ ನಾನೇ ತುಂಬಿದೆ. ಅವಳ ಹೆಸರಿನ ಜಾಗದಲ್ಲಿ ನಾನು ಅವಳನ್ನು ಯಾವ ಹೆಸರಿನಿಂದ ಕರೆಯುತ್ತೇನೆಯೋ ಅದನ್ನು ಬರೆದೆ. ‘ನಿಮಗೆ ಬೇರೆ ಹೆಸರುಗಳಿವೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದೆ. ಕಳ್ಳರಿಗೆ, ಹೆಚ್ಚೆಂದರೆ ಕವಿಗಳಿಗೆ, ಕೇಳಿದ ಪ್ರಶ್ನೆ ಅದೆಂದು ತಿಳಿದಿದ್ದೆ. ಜನ್ಮ ದಿನಾಂಕಕ್ಕೆಂದು ಅವಳ ಎಸ್.ಎಸ್.ಎಲ್.ಸಿ. ಪತ್ರವನ್ನು ಲಗತ್ತಿಸಿದೆ.

ಕಚೇರಿಯ ಎರಡನೆಯ ಕೌಂಟರಿನಲ್ಲಿದ್ದ ಅಧಿಕಾರಿಣಿ ಆ ಪತ್ರವನ್ನೂ ಅರ್ಜಿಯನ್ನೂ ನೋಡಿ, ಸೌಜನ್ಯದಿಂದಲೇ, “ಇದರಲ್ಲಿರುವುದು ಯಾರ ಹೆಸರು?” ಎಂದು ಕೇಳಿದರು. ನನ್ನ ಹೆಂಡತಿ, “ನನ್ನದೇ” ಎಂದಳು.

ನಡೆದದ್ದು ಇಷ್ಟು. ಅವಳ ತವರಿನ ಹೆಸರೂ ನನ್ನ ತಾಯಿಯ ಹೆಸರೂ ಒಂದೇ ಆಗಿದ್ದವು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆಂದು ಮದುವೆಯ ದಿನವೇ ಹಿರಿಯರು ಅವಳಿಗೆ ಬೇರೆ ಹೆಸರಿಟ್ಟರು. ಎರಡು ನಿಮಿಷದ ಶಾಸ್ತ್ರ. ಆಮೇಲೆ ಪಡಿತರ ಚೀಟಿ, ಬ್ಯಾಂಕು, ಮತದಾರರ ಪಟ್ಟಿ, ಆಧಾರ್, ಮಗಳ ಶಾಲೆಯ ದಾಖಲೆ ಎಲ್ಲವೂ ಹೊಸ ಹೆಸರಿನಲ್ಲಿಯೇ ಬೆಳೆದವು. ಹಳೆಯದು ಕಬ್ಬಿಣದ ಪೆಟ್ಟಿಗೆಯ ಒಂದು ಕಾಗದದಲ್ಲಿ ಉಳಿಯಿತು. ನಾನು ಆ ಪತ್ರವನ್ನು ಕೈಯಾರೆ ಎತ್ತಿ ಲಗತ್ತಿಸಿದ್ದೆ; ದಿನಾಂಕವನ್ನು ಓದಿದ್ದೆ, ಹೆಸರನ್ನು ಓದಿರಲಿಲ್ಲ.

ಅರ್ಜಿ ತಡೆಹಿಡಿಯಲ್ಪಟ್ಟಿತು. ಆಕೆ ಮಾಡಿದ್ದು ಸರಿ. ಯಾವುದಾದರೂ ಒಂದು ಹೆಸರನ್ನು ನಿಶ್ಚಯಿಸಿಕೊಂಡು, ಎರಡೂ ಹೆಸರುಗಳು ಒಬ್ಬರವೇ ಎಂದು ಪ್ರಮಾಣಪತ್ರ ಮಾಡಿಸಿ, ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಮತ್ತೆ ಬರಬೇಕೆಂದರು. ಯಾವ ಹೆಸರಾದರೂ ತಡ ಒಂದೇ. ಮನೆಗೆ ಬಂದ ಮೇಲೆ ನಾನು ಅವಳನ್ನು ಕೇಳಿದೆ: “ಯಾವ ಹೆಸರನ್ನು ಇಟ್ಟುಕೊಳ್ಳುತ್ತೀಯೆ?” ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಈ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ” ಎಂದಳು. ಕೋಪವಿರಲಿಲ್ಲ, ಇದ್ದ ವಿಷಯವನ್ನು ಹೇಳಿದಂತೆ ಹೇಳಿದಳು. ಮರುದಿನ ಬೆಳಿಗ್ಗೆ ತನ್ನ ನಿರ್ಧಾರವನ್ನು ತಿಳಿಸಿದಳು. ನಲವತ್ತು ವರ್ಷ ಓಗೊಟ್ಟ ಹೆಸರು, ಮಗಳ ದಾಖಲೆಗಳಲ್ಲಿ ತಾಯಿಯೆಂದು ಇರುವ ಹೆಸರು, ಅದೇ ಇರಲಿ. “ಆದರೆ ಆ ಬೇರೆ ಹೆಸರಿನ ಪ್ರಶ್ನೆಗೆ ಈ ಸಲ ಇಲ್ಲ ಎಂದು ಬರೆಯಬೇಡಿ.”

ಪ್ರಕಟಣೆ ಅಚ್ಚಾಯಿತು. ಪೊಲೀಸ್ ವಿಚಾರಣೆಗೆಂದು ಬಂದ ಪೇದೆ ಪಕ್ಕದ ಮನೆಯವರನ್ನು ಇವಳ ಹೆಸರೇನೆಂದು ಕೇಳಿದ. ಇಪ್ಪತ್ತು ವರ್ಷದಿಂದ ನಮ್ಮ ನೆರೆಯಲ್ಲಿರುವ ಅವರು, “ಮೇಷ್ಟರ ಹೆಂಡತಿ” ಎಂದರು. ಎರಡು ಹೆಸರುಗಳ ವ್ಯಾಜ್ಯವನ್ನು ಹೂಡಿಕೊಂಡಿದ್ದ ನಮಗೆ ಅದು ಮೂರನೆಯದಾಯಿತು. ಕೊನೆಗೆ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬಂದಿತು. ಅಷ್ಟು ಹೊತ್ತಿಗೆ ಮಗಳ ಹೆರಿಗೆ ಆಗಿ ಒಂಬತ್ತು ದಿನ ಕಳೆದಿದ್ದವು. ಬಾಣಂತನಕ್ಕೆಂದು ಮಾಡಿಟ್ಟಿದ್ದ ಪುಡಿಗಳ ಡಬ್ಬಿಗಳು ಅಡಿಗೆಮನೆಯಲ್ಲಿ ಸಾಲಾಗಿ ಕಾಯುತ್ತಿದ್ದವು. ಆ ಮೊದಲ ರಾತ್ರಿ ತಾಯಿ ಹತ್ತಿರ ಇಲ್ಲದೆ ಹೋದದ್ದಕ್ಕೆ ಕಾರಣ ಯಾವ ಕಚೇರಿಯೂ ಅಲ್ಲ. ಓದುವುದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬನು ಒಂದು ಸಾಲನ್ನು ಓದದೆ ಹೋದದ್ದು.

ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೇ. ಪ್ರಯಾಣದ ಯೋಚನೆ ಬರುವ ಮೊದಲೇ, ಬಿಡುವಿನ ಒಂದು ದಿನ, ಮನೆಯ ಎಲ್ಲ ದಾಖಲೆಗಳನ್ನೂ ಹರಡಿಕೊಂಡು ಕೂರಿ. ಪ್ರತಿಯೊಬ್ಬರ ಹೆಸರನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ. ಇನಿಷಿಯಲ್ಲುಗಳನ್ನು ಹೇಗೆ ಬಿಡಿಸಬೇಕೆಂಬುದನ್ನು ಮನೆಮಂದಿಯೆಲ್ಲ ಸೇರಿ ನಿಶ್ಚಯಿಸಿ, ಎಲ್ಲರಿಗೂ ಒಂದೇ ಕ್ರಮವಿರಲಿ. ಎರಡು ಮನೆಗಳಲ್ಲಿಯೂ ಏನಾದರೊಂದು ಇರುವಂತೆ ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಅರ್ಜಿ ಹಾಕಿ. ಪಾಸ್‌ಪೋರ್ಟ್ ಹತ್ತು ವರ್ಷ ನಡೆಯುತ್ತದೆ. ಆದರೆ ಕೊನೆಯ ಆರು ತಿಂಗಳಲ್ಲಿ ಅದನ್ನು ಹಿಡಿದು ಬಂದವರನ್ನು ಅನೇಕ ದೇಶಗಳು ಒಳಗೆ ಬಿಡುವುದಿಲ್ಲ ಎಂಬುದೂ ನೆನಪಿರಲಿ. ಎಲ್ಲಕ್ಕೂ ಮಿಗಿಲಾಗಿ, ಮನೆಯ ಹೆಣ್ಣುಮಕ್ಕಳ ಅರ್ಜಿಯನ್ನು ಅವರನ್ನು ಕೇಳದೆ ತುಂಬಬೇಡಿ.

ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಮುದ್ರಿತವಾದುದೆಲ್ಲ ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿದೆ. ಭಾವಚಿತ್ರದ ಕೆಳಗೆ ಅವಳ ರುಜು ಮಾತ್ರ ಕನ್ನಡದಲ್ಲಿದೆ. ಪತ್ರಿಕೆಯಲ್ಲಿ ಬಂದ ಆ ಮೂರು ಸಾಲಿನ ಪ್ರಕಟಣೆಯನ್ನು ಅವಳು ಕತ್ತರಿಸಿ, ಎಸ್.ಎಸ್.ಎಲ್.ಸಿ. ಪತ್ರದ ಜೊತೆಗೆ ಮಡಿಸಿ ಇಟ್ಟುಕೊಂಡಿದ್ದಾಳೆ. ಅವಳ ತವರಿನ ಹೆಸರು ಅಚ್ಚಿನಲ್ಲಿ ಬಂದದ್ದು ಪರೀಕ್ಷೆಯ ಫಲಿತಾಂಶದ ನಂತರ ಅದೇ ಮೊದಲಂತೆ.

(ಬಾನುಲಿ ಭಾಷಣದ ಬರಹರೂಪ)